ನಲವತ್ತು ಕಾರ್ಡು, ಸಾವಿರ ಚಂದ್ರ

ಪ್ರಶ್ನೆ: ಬರುವ ಕಾರ್ತಿಕದಲ್ಲಿ ನಮ್ಮ ಅಪ್ಪಯ್ಯನಿಗೆ ಸಹಸ್ರಚಂದ್ರ ದರ್ಶನ ಶಾಂತಿ ಇಟ್ಟುಕೊಂಡಿದ್ದೇವೆ. ಊರಿಗೆ ಹಂಚುವ ಆಮಂತ್ರಣ ಪ್ರೆಸ್ಸಿನಲ್ಲೇ ಆಗುತ್ತದೆ. ತೀರಾ ಹತ್ತಿರದ ನಲವತ್ತು ಮನೆಗಳಿಗೆ ಮಾತ್ರ ನಾವೇ ಮಾಡಿದ ಕಾರ್ಡು ಕೊಡುವ ಆಸೆ. ಮಗಳ ಹತ್ತಿರ ಹೂವು, ಎಲೆಗಳ ಪಾರದರ್ಶಕ ಸ್ಟ್ಯಾಂಪ್ ಸೆಟ್ ಇದೆ. ಮನೆಯಲ್ಲಿ ಕಪ್ಪು ಸ್ಟ್ಯಾಂಪ್ ಪ್ಯಾಡ್, ವಾಟರ್ ಕಲರ್ ಟ್ಯೂಬುಗಳಿವೆ. ಮಾಡಿ ನೋಡಿದರೆ ಬಣ್ಣ ತಾಗಿದ ಕೂಡಲೇ ಕಪ್ಪು ಗೆರೆ ಕದಡಿ ಎಲ್ಲ ಬೂದುಬೂದಾಯಿತು. ಡ್ರಾಯಿಂಗ್ ಹಾಳೆ ಒಣಗಿದ ಮೇಲೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಸ್ಟ್ಯಾಂಪ್ ಒತ್ತಿದರೆ ಅರ್ಧ ಬೀಳುತ್ತದೆ, ಅರ್ಧ ಬೀಳುವುದಿಲ್ಲ. ಏನೇನು ಕೊಳ್ಳಬೇಕು? ಯಾವುದು ಮೊದಲು, ಯಾವುದು ಆಮೇಲೆ? ಹೆಚ್ಚು ಖರ್ಚಿಲ್ಲದೆ ಆಗುತ್ತದೆಯೇ?
(ಶಿರಸಿಯ ಓದುಗರೊಬ್ಬರು)

ಉತ್ತರ: ಆಗುತ್ತದೆ. ದುಡ್ಡು ಹಾಕಬೇಕಾದದ್ದು ಮುಖ್ಯವಾಗಿ ಎರಡಕ್ಕೆ: ಹಾಳೆಗೆ ಮತ್ತು ಪ್ಯಾಡಿಗೆ. ಹೊಸ ಬಣ್ಣ ಬೇಡ, ಹೊಸ ಸ್ಟ್ಯಾಂಪ್ ಸೆಟ್ಟೂ ಬೇಡ. ಈ ಹವ್ಯಾಸಕ್ಕೆ ಇಳಿದವರು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಚೆಂದ ಕಂಡ ಸೆಟ್ಟುಗಳನ್ನೆಲ್ಲ ಕೊಂಡು, ಒತ್ತುವ ಹೊತ್ತಿಗೆ ಮಕ್ಕಳ ಡ್ರಾಯಿಂಗ್ ಪುಸ್ತಕದಿಂದ ಹಾಳೆ ಹರಿಯುತ್ತಾರೆ. ನೀವು ಬರೆದ ಮೂರು ತೊಂದರೆಗಳಲ್ಲಿ ಒಂದೂ ನಿಮ್ಮ ಕೈಯಿಂದ ಆದದ್ದಲ್ಲ. ಗೆರೆ ಕದಡಿದ್ದು ಶಾಯಿಯಿಂದ, ಹಾಳೆ ಸೊಟ್ಟಗಾದದ್ದು ದಪ್ಪ ಸಾಲದೆ, ಅಚ್ಚು ಅರ್ಧ ಬಿದ್ದದ್ದು ಅಡಿಯಲ್ಲಿ ಮೆತ್ತೆ ಇಲ್ಲದೆ.

ಮೊದಲು ಶಾಯಿಯ ವಿಷಯ. ಕಚೇರಿಯ ಪ್ಯಾಡು ಇರುವುದು ರಸೀದಿಗೆ ಮೊಹರು ಒತ್ತುವುದಕ್ಕೆ. ಅದರಲ್ಲಿರುವುದು ಸಾಮಾನ್ಯವಾಗಿ ನೀರಿನಲ್ಲಿ ಕರಗುವ ಬಣ್ಣ. ಪ್ಯಾಡು ಬೇಗ ಒಣಗದಿರಲೆಂದು ಗ್ಲಿಸರಿನ್‌ನಂಥ ದ್ರವವನ್ನೂ ಸೇರಿಸಿರುತ್ತಾರೆ. ಒತ್ತಿದ ಮೇಲೆ ಹಾಳೆ ಅದನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಒಣಗಿದಂತೆ ಕಾಣುತ್ತದೆ. ಒದ್ದೆ ಬ್ರಷ್ ತಾಗಿದರೆ ಮತ್ತೆ ಕರಗಿ ಎದ್ದು ಬರುತ್ತದೆ. ಒಂದು ವಾರ ಕಾದು ಬಣ್ಣ ಹಚ್ಚಿದರೂ ಇದೇ ಕಥೆ. ವಾಟರ್ ಕಲರಿನ ಜೊತೆ ಸ್ಟ್ಯಾಂಪ್ ಬಳಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೀರು ಇಲ್ಲಿ ಯಾವುದನ್ನು ಕರಗಿಸಬೇಕು, ಯಾವುದನ್ನು ಮುಟ್ಟಬಾರದು? ಶಾಯಿಯ ಆಯ್ಕೆ, ಹಾಳೆಯ ಆಯ್ಕೆ, ಯಾವುದು ಮೊದಲು ಎಂಬುದು, ಎಲ್ಲ ಈ ಪ್ರಶ್ನೆಯಿಂದಲೇ ತೀರ್ಮಾನವಾಗುತ್ತದೆ.

ಗೆರೆಯನ್ನು ನೀರು ಮುಟ್ಟಬಾರದು ಎಂದಾದರೆ ನೀರಿಗೆ ಜಗ್ಗದ ಶಾಯಿ ಬೇಕು. ಕಾರ್ಡ್ ಮಾಡುವವರು ಹೆಚ್ಚಾಗಿ ಬಳಸುವುದು ಎರಡು. ಒಂದು ವರ್ಸಾಫೈನ್. ಇದು ಎಣ್ಣೆ ಆಧಾರದ ಪಿಗ್ಮೆಂಟ್ ಶಾಯಿ. ಇದರ ಬಣ್ಣ ಕರಗಿದ ರೂಪದಲ್ಲಿರದೆ ಸೂಕ್ಷ್ಮ ಕಣಗಳಾಗಿರುತ್ತದೆ, ಕೂದಲೆಳೆಯ ಗೆರೆಯೂ ಸ್ಪಷ್ಟವಾಗಿ ಬೀಳುತ್ತದೆ. ಒಣಗಲು ಸ್ವಲ್ಪ ಹೊತ್ತು ಬೇಕು, ಮಲೆನಾಡಿನ ಮಳೆಗಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಇನ್ನೊಂದು ರೇಂಜರ್ ಕಂಪನಿಯ ಆರ್ಕೈವಲ್ ಇಂಕ್. ಇದು ಬೇಗ ಒಣಗುತ್ತದೆ. ಪಾರದರ್ಶಕ ಸ್ಟ್ಯಾಂಪಿಗೆ ಕಲೆ ಹಿಡಿಸುತ್ತದೆ, ಕೆಲಸಕ್ಕೇನೂ ಅಡ್ಡಿಯಿಲ್ಲ. ಮೆಮೆಂಟೊ ಎಂಬ ಪ್ಯಾಡನ್ನು ಅಂಗಡಿಯಲ್ಲಿ ತೋರಿಸಿದರೆ ಬೇಡ ಎನ್ನಿ. ಆಲ್ಕೋಹಾಲ್ ಮಾರ್ಕರ್ ಪೆನ್ನುಗಳ ಜೊತೆ ಅದು ಬಹಳ ಚೆನ್ನ, ನೀರಿಗೆ ಮಾತ್ರ ಹರಿಯುತ್ತದೆ. ಯಾವುದನ್ನೇ ಕೊಂಡರೂ ಡಬ್ಬಿಯ ಮೇಲಿನ ಬರಹ ನಂಬಿ ನಲವತ್ತು ಕಾರ್ಡು ಒತ್ತಬೇಡಿ. ಅದೇ ಹಾಳೆಯ ತುಂಡಿನ ಮೇಲೆ ಒತ್ತಿ, ಹದಿನೈದು ನಿಮಿಷ ಬಿಟ್ಟು, ಚೆನ್ನಾಗಿ ನೀರು ತುಂಬಿದ ಬ್ರಷ್ಷನ್ನು ಗೆರೆಯ ಮೇಲೆ ಹಿಂದೆ ಮುಂದೆ ಆಡಿಸಿ. ನೀರು ತಿಳಿಯಾಗಿಯೇ ಉಳಿದರೆ ಸರಿ. ಬೂದಾದರೆ ಇನ್ನೂ ಕಾಯಬೇಕು, ಅಥವಾ ಆ ಪ್ಯಾಡು ಈ ಕೆಲಸದ್ದಲ್ಲ.

ಇನ್ನೊಂದು ದಾರಿ ಪ್ಯಾಡನ್ನೇ ಕೊಳ್ಳದೆ ಸಾಗುವುದು: ಮೊದಲು ಬಣ್ಣ, ಆಮೇಲೆ ಅಚ್ಚು. ಬಣ್ಣದ ವಾಶ್ (ನೀರು ಬೆರೆಸಿದ ತೆಳು ಬಣ್ಣದ ಪದರ) ಕೊಟ್ಟು, ಪೂರ್ತಿ ಒಣಗಿಸಿ, ಅದರ ಮೇಲೆ ಸ್ಟ್ಯಾಂಪ್ ಒತ್ತಿದರೆ ಮತ್ತೆ ನೀರು ತಾಗುವ ಪ್ರಸಂಗವೇ ಇಲ್ಲ. ಆಗ ನಿಮ್ಮ ಹಳೆಯ ಕಚೇರಿ ಪ್ಯಾಡೂ ನಡೆಯುತ್ತದೆ. ಒಂದೇ ಕೊರತೆ ಎಂದರೆ ಆ ಬಣ್ಣ ಬೆಳಕಿಗೆ ಮಾಸಬಹುದು, ಕಾರ್ಡನ್ನು ಗೋಡೆಗೆ ತೂಗುಹಾಕುವವರಿಗೆ ಹೇಳಿಬಿಡಿ. ನಲವತ್ತು ಕಾರ್ಡುಗಳಿಗೆ ನಾನು ಹೇಳುವುದು ಈ ಕ್ರಮವನ್ನೇ. ಪ್ರತಿ ಹೂವಿನ ಪ್ರತಿ ಎಸಳಿಗೆ ಬಣ್ಣ ತುಂಬುತ್ತ ಕೂತರೆ ಹತ್ತನೆಯ ಕಾರ್ಡಿಗೆ ಸಾಕೆನಿಸುತ್ತದೆ, ಇಪ್ಪತ್ತನೆಯದರಲ್ಲಿ ಆ ಸಾಕುಬೇಕು ಕಾಣುತ್ತದೆ.

ಗೆರೆ ಅಚ್ಚಿನದು, ಬಣ್ಣ ಕೈಯದು ಎಂಬ ಈ ಜೋಡಿ ಹೊಸದೇನಲ್ಲ. 1843ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬವರು ಜಾನ್ ಕಾಲ್ಕಾಟ್ ಹಾರ್ಸ್‌ಲಿ ಎಂಬ ಚಿತ್ರಕಾರರಿಂದ ಬರೆಸಿ ಮಾರಾಟಕ್ಕಿಟ್ಟ ಕ್ರಿಸ್‌ಮಸ್ ಕಾರ್ಡನ್ನೇ ಆ ಬಗೆಯ ಮೊದಲ ವಾಣಿಜ್ಯ ಕಾರ್ಡು ಎನ್ನುತ್ತಾರೆ. ಅದರ ಗೆರೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣವನ್ನು ಕೈಯಲ್ಲಿ ತುಂಬಿಸಿದ್ದರು. ಬೆಲೆ ಒಂದು ಶಿಲ್ಲಿಂಗ್, ಆ ಕಾಲಕ್ಕೆ ದುಬಾರಿಯೇ. ಜಪಾನಿನಲ್ಲಿ ಹೊಸವರ್ಷಕ್ಕೆ ಕಳಿಸುವ ಪೋಸ್ಟ್‌ಕಾರ್ಡುಗಳಿಗೆ ಆಲೂಗಡ್ಡೆ ಕೆತ್ತಿ ಅಚ್ಚು ಒತ್ತುವ ರೂಢಿ ಇದೆ. ನೀವೂ ಅಡುಗೆಮನೆಯ ಕಡೆ ಒಮ್ಮೆ ನೋಡಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಹಾಳೆ. ಕಾಗದದ ನಾರು ನೀರು ಕುಡಿದರೆ ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ, ಎಲ್ಲ ಕಡೆ ಸಮನಾಗಿ ಕುಗ್ಗದಿದ್ದರೆ ಸೊಟ್ಟಗಾಗುತ್ತದೆ. ತೆಳು ಹಾಳೆಗೆ ತಡೆಯುವ ಶಕ್ತಿ ಇಲ್ಲ. ಶಾಲೆಯ ಡ್ರಾಯಿಂಗ್ ಹಾಳೆಗಳು ಹೆಚ್ಚಾಗಿ 150 ಜಿಎಸ್‌ಎಂ ಒಳಗೇ ಇರುತ್ತವೆ, ನಿಮಗೆ ಬೇಕಾದದ್ದು 300 ಜಿಎಸ್‌ಎಂ ವಾಟರ್ ಕಲರ್ ಹಾಳೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ವಾಟರ್ ಕಲರ್ ಹಾಳೆಗೆ ದಪ್ಪದ ಜೊತೆ ಇನ್ನೊಂದು ಗುಣವೂ ಇರುತ್ತದೆ. ಜೆಲಟಿನ್‌ನಂಥ ಅಂಟಿನಿಂದ ಅದನ್ನು ಹದಮಾಡಿರುತ್ತಾರೆ, ಅದಕ್ಕೇ ಬಣ್ಣ ಒಮ್ಮೆಲೇ ಒಳಗಿಳಿಯದೆ ಸ್ವಲ್ಪ ಹೊತ್ತು ಮೇಲೇ ಓಡಾಡುತ್ತದೆ. ಪೂರ್ತಿ ಹತ್ತಿಯ ಹಾಳೆ ಶ್ರೇಷ್ಠ, ಬೆಲೆಯೂ ಹಾಗೇ. ಒಂದೆರಡು ವಾಶ್ ಕೊಡುವ ಕಾರ್ಡಿಗೆ ಮರದ ತಿರುಳಿನದು ಧಾರಾಳ ಸಾಕು. ನಿಮ್ಮ ಕಡೆಗೆ ಒಂದು ಎಚ್ಚರಿಕೆ: ಹಾಳೆಯ ಕಟ್ಟನ್ನು ಪ್ಲಾಸ್ಟಿಕ್ ಚೀಲದೊಳಗೆ ಬಾಯಿ ಕಟ್ಟಿಯೇ ಇಡಿ. ತೇವ ತಿಂದ ಹಾಳೆಯಲ್ಲಿ ಆ ಅಂಟು ಅಲ್ಲಲ್ಲಿ ಕೆಡುತ್ತದೆ. ವಾಶ್ ಕೊಟ್ಟಾಗ ಆ ಜಾಗ ಬಣ್ಣವನ್ನು ಗಟಗಟ ಕುಡಿದು ಕಪ್ಪು ಚುಕ್ಕೆ ಕಾಣಿಸುತ್ತದೆ, ಮತ್ತೆ ತೆಗೆಯಲು ಬರುವುದಿಲ್ಲ.

ಮೇಲ್ಮೈಯಲ್ಲಿ ಮೂರು ಬಗೆ. ಹಾಟ್ ಪ್ರೆಸ್ಡ್ ನುಣುಪು, ಕೋಲ್ಡ್ ಪ್ರೆಸ್ಡ್ ಸ್ವಲ್ಪ ತರಿತರಿ, ರಫ್ ಪೂರ್ತಿ ಒರಟು. ಸ್ಟ್ಯಾಂಪಿಗೆ ನುಣುಪು ಬೇಕು, ವಾಟರ್ ಕಲರಿಗೆ ತರಿ ಇದ್ದರೆ ಚೆನ್ನ. ಎರಡರ ನಡುವಿನ ರಾಜಿ ಕೋಲ್ಡ್ ಪ್ರೆಸ್ಡ್. ಅದರ ಎರಡೂ ಮಗ್ಗುಲನ್ನು ಬೆರಳಲ್ಲಿ ಸವರಿ ನೋಡಿ, ಹೆಚ್ಚಿನ ಹಾಳೆಗಳಲ್ಲಿ ಹಿಂಭಾಗ ತುಸು ನುಣುಪಾಗಿರುತ್ತದೆ, ಅದನ್ನೇ ಬಳಸಿ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಖಾದಿ ಪೇಪರ್ಸ್‌ನವರು ಹತ್ತಿ ಚಿಂದಿಯಿಂದ ಕೈಕಾಗದ ಮಾಡುತ್ತಾರೆ, ವಿದೇಶದ ಕಲಾವಿದರೂ ತರಿಸಿಕೊಳ್ಳುವ ಹಾಳೆ ಅದು. ಬ್ರಷ್ಷಿನ ಕೆಲಸಕ್ಕೆ ಬಹಳ ಸೊಗಸು. ಒರಟು ಬಗೆಯದನ್ನು ತಂದರೆ ಮಾತ್ರ ಸಣ್ಣ ಗೆರೆಯ ಸ್ಟ್ಯಾಂಪು ಅದರ ಗುಂಡಿಗಳ ಮೇಲೆ ಹಾರಿಹಾರಿ ಬೀಳುತ್ತದೆ.

ಲೆಕ್ಕ ಹೀಗೆ ಇಟ್ಟುಕೊಳ್ಳಿ. ಎ4 ಅಳತೆಯ ದಪ್ಪ ಕಾರ್ಡ್ ಹಾಳೆಯನ್ನು ಎರಡು ತುಂಡು ಮಾಡಿ ಮಡಿಸಿದರೆ ಒಂದೊಂದೂ 10.5 x 14.8 ಸೆಂಟಿಮೀಟರಿನ ಕಾರ್ಡಾಗುತ್ತದೆ, ನಲವತ್ತಕ್ಕೆ 20 ಹಾಳೆ. ಇದಕ್ಕೆ 250 ಜಿಎಸ್‌ಎಂ ಸಾಕು, ಇದರ ಮೇಲೆ ನೀರು ಬೀಳುವುದಿಲ್ಲ. ಚಿತ್ರವನ್ನು ಬೇರೆ ವಾಟರ್ ಕಲರ್ ತುಂಡಿನ ಮೇಲೆ ಮಾಡಿ ಇದಕ್ಕೆ ಅಂಟಿಸುವುದು. ಕಾರ್ಡಿನ ಮೇಲೆಯೇ ನೇರವಾಗಿ ಬಣ್ಣ ಹಚ್ಚಿದರೆ ಮಡಿಕೆಯಲ್ಲಿ ಬಣ್ಣ ಬಿರಿಯುತ್ತದೆ, ಒಂದು ತಪ್ಪಾದರೆ ಇಡೀ ಕಾರ್ಡೇ ಹೋಯಿತು. ಚಿತ್ರದ ತುಂಡು 9.5 x 13.6 ಇರಲಿ. ಅಂಥವು ಒಂದು ಎ4 ವಾಟರ್ ಕಲರ್ ಹಾಳೆಯಲ್ಲಿ ನಾಲ್ಕು ಸಿಗುತ್ತವೆ, ಒಟ್ಟು 10 ಹಾಳೆ. ಪ್ರಯೋಗಕ್ಕೆಂದು ಇನ್ನೆರಡು ಹೆಚ್ಚು ತನ್ನಿ.

ಈಗ ಚಿತ್ರ. ಸಂದರ್ಭವೇ ನಿಮಗೆ ಚಿತ್ರ ಕೊಟ್ಟಿದೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸುಮಾರು 29.53 ದಿನ, ಸಾವಿರ ಹುಣ್ಣಿಮೆಗೆ 80 ವರ್ಷ 10 ತಿಂಗಳ ಹತ್ತಿರ. ಅಷ್ಟು ಚಂದ್ರರನ್ನು ಒಂದು ಕಾರ್ಡಿನ ಮೇಲೆ ತುಂಬಲಾಗದು. ನಿಮ್ಮ ಕಾರ್ಡುಗಳು ನಲವತ್ತು, ಒಂದೊಂದರ ಮೇಲೆ ಇಪ್ಪತ್ತೈದು ಪುಟ್ಟ ಚಂದ್ರರನ್ನು ಒತ್ತಿದರೆ ನಲವತ್ತು ಮನೆ ಸೇರಿ ಸರಿಯಾಗಿ ಸಾವಿರ. ಒಳಗಿನ ಬರಹದಲ್ಲಿ ಒಂದು ಸಾಲಿನಲ್ಲಿ ಇದನ್ನು ಹೇಳಿಬಿಡಿ. ಎಣಿಸಿ ನೋಡುವ ಮಾವಯ್ಯ ಒಬ್ಬರು ಪ್ರತಿ ಮನೆಯಲ್ಲೂ ಇರುತ್ತಾರೆ, ಆದ್ದರಿಂದ ಲೆಕ್ಕ ತಪ್ಪಬೇಡಿ.

ಮಾಡುವ ಬಗೆ ಹೀಗೆ. ಎ4 ವಾಟರ್ ಕಲರ್ ಹಾಳೆಯನ್ನು ಕತ್ತರಿಸದೆ ಇಡಿಯಾಗಿ ಒಂದು ಹಲಗೆಗೆ ನಾಲ್ಕೂ ಕಡೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿ. ಟೇಪು ಹಾಳೆಯ ಮೇಲೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಬರಬಾರದು. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ ಸೇರಿಸಿದರೆ ರಾತ್ರಿಯ ಆಕಾಶದ ಬೂದುನೀಲಿ ಬರುತ್ತದೆ. ಕಪ್ಪು ಟ್ಯೂಬನ್ನು ಮುಟ್ಟಲೇಬೇಡಿ, ಅದರಿಂದ ಬಣ್ಣ ಸತ್ತಂತಾಗುತ್ತದೆ. ಬಟ್ಟಲಿನಲ್ಲಿ ನಿಮಗೆ ಬೇಕೆನಿಸಿದ್ದಕ್ಕಿಂತ ಗಾಢವಾಗಿಯೇ ಕಲಸಿಕೊಳ್ಳಿ, ವಾಟರ್ ಕಲರ್ ಒಣಗಿದಾಗ ತಿಳಿಯಾಗುತ್ತದೆ. ನಾಲ್ಕು ತುಂಡಿಗೆ ಸಾಲುವಷ್ಟನ್ನೂ ಮೊದಲೇ ಕಲಸಿ, ನಡುವೆ ಮುಗಿದರೆ ಅದೇ ಛಾಯೆ ಮತ್ತೆ ಸಿಗುವುದಿಲ್ಲ. ಅಗಲದ ಬ್ರಷ್ಷಿನಿಂದ ಮೇಲಿನಿಂದ ಕೆಳಗೆ ಇಡೀ ಹಾಳೆಗೆ ವಾಶ್ ಕೊಡಿ.

ಮುಂದಿನ ಕೆಲಸಕ್ಕೆ ಮಗಳು ಪಕ್ಕದಲ್ಲೇ ಇರಲಿ. ಬಾಟಲಿಯ ಮುಚ್ಚಳಕ್ಕೆ ಟಿಶ್ಯೂ ಕಾಗದ ಸುತ್ತಿ ಬಿಗಿಯಾಗಿ ಹಿಡಿದುಕೊಳ್ಳಿ. ವಾಶಿನ ನೀರಿನ ಹೊಳಪು ಇನ್ನೇನು ಆರಬೇಕು ಎನ್ನುವ ಹೊತ್ತಿಗೆ, ನಾಲ್ಕೂ ಭಾಗಗಳಲ್ಲಿ ಒಂದೊಂದು ಕಡೆ ಮುಚ್ಚಳವನ್ನು ನೇರ ಒತ್ತಿ ಎತ್ತಿ. ಅಲ್ಲಿನ ಬಣ್ಣ ಟಿಶ್ಯೂಗೆ ಬಂದು ಹಾಳೆಯ ಬಿಳಿ ಕಾಣುತ್ತದೆ, ಅಂಚು ಮೃದುವಾಗಿ ಬೆಳದಿಂಗಳು ಕಟ್ಟಿದಂತೆ ಬರುತ್ತದೆ. ಪ್ರತಿ ಸಲ ಟಿಶ್ಯೂವಿನ ಹೊಸ ಭಾಗ ಬೇಕು. ಬೇಗ ಒತ್ತಿದರೆ ಸುತ್ತಲಿನ ನೀರು ಒಳಗೆ ನುಗ್ಗಿ ಚಂದ್ರ ಮುಚ್ಚಿಹೋಗುತ್ತಾನೆ, ತಡವಾದರೆ ಏಳುವುದೇ ಇಲ್ಲ. ನೀಲಿಗಳಲ್ಲಿ ಅಲ್ಟ್ರಾಮರೀನನ್ನೇ ಹೇಳಿದ್ದು ಈ ಕಾರಣಕ್ಕೆ. ಅದು ಹಾಳೆಯ ಮೇಲ್ಭಾಗದಲ್ಲೇ ಕೂರುತ್ತದೆ, ಎತ್ತಿದರೆ ಏಳುತ್ತದೆ. ಪ್ರಷ್ಯನ್ ಬ್ಲೂ ನಾರಿಗೆ ಕಲೆ ಹಿಡಿಸುತ್ತದೆ, ಅದರಲ್ಲಿ ಚಂದ್ರ ಪೂರ್ತಿ ಬೆಳಗುವುದಿಲ್ಲ. ವಾಶ್ ಅರ್ಧ ಒಣಗಿರುವಾಗ ಎಲ್ಲೋ ಒಂದು ಕಡೆ ಸರಿಮಾಡಲು ಹೋಗಿ ಒದ್ದೆ ಬ್ರಷ್ ಮುಟ್ಟಿಸಿದರೆ ಅಲ್ಲಿ ಅಂಕುಡೊಂಕು ಅಂಚಿನ ಕಲೆ ಅರಳುತ್ತದೆ. ಅದನ್ನು ಮೋಡ ಎಂದುಕೊಂಡು ಬಿಟ್ಟುಬಿಡಿ, ತಿದ್ದಿದಷ್ಟೂ ದೊಡ್ಡದಾಗುತ್ತದೆ.

ಹಲಗೆಯನ್ನು ಮಟ್ಟಸವಾಗಿಟ್ಟು ಒಣಗಲು ಬಿಡಿ. ಕೈಯ ಹಿಂಭಾಗ ತಾಗಿಸಿದಾಗ ತಂಪೆನಿಸಿದರೆ ಒಳಗೆ ನೀರಿದೆ ಎಂದೇ ಅರ್ಥ. ಪೂರ್ತಿ ಒಣಗುವ ಮೊದಲು ಟೇಪು ತೆಗೆದರೆ ಸೊಟ್ಟಗಾಗುವುದು ಖಂಡಿತ. ಟೇಪನ್ನು ಹಾಳೆಯಿಂದ ಹೊರಗಡೆಗೆ ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಆಮೇಲೆ ನಾಲ್ಕು ತುಂಡು ಮಾಡಿ. ಇಷ್ಟರ ಮೇಲೂ ಡೊಂಕು ಉಳಿದಿದ್ದರೆ, ಬಣ್ಣದ ಮುಖಕ್ಕೆ ಒಣ ಬಿಳಿ ಹಾಳೆ ಇಟ್ಟು, ಹಿಂಬದಿಯನ್ನು ಹಿಂಡಿದ ಸ್ಪಂಜಿನಿಂದ ತೀರಾ ಸ್ವಲ್ಪ ತೇವ ಮಾಡಿ, ದಪ್ಪ ಪುಸ್ತಕಗಳ ಅಡಿಯಲ್ಲಿ ರಾತ್ರಿಯಿಡೀ ಇಡಿ.

ಪುಟ್ಟ ಚಂದ್ರರಿಗೆ ಸ್ಟ್ಯಾಂಪ್ ಕೊಳ್ಳಬೇಕಾಗಿಲ್ಲ. ಪೆನ್ಸಿಲ್ಲಿನ ಹಿಂದಿರುವ ರಬ್ಬರೇ ಹೇಳಿಮಾಡಿಸಿದ ದುಂಡು ಅಚ್ಚು, ಹೊಸ ಪೆನ್ಸಿಲ್ಲಿನದಾದರೆ ಅಂಚು ಚೂಪಾಗಿ ಬರುತ್ತದೆ. ಬಿಳಿ ಪೋಸ್ಟರ್ ಕಲರನ್ನು ಮೊಸರಿಗಿಂತ ನೀರಾಗದ ಹದದಲ್ಲಿ ಸ್ಪಂಜಿನ ಚೂರಿಗೆ ಹಚ್ಚಿ, ಅದನ್ನೇ ಪ್ಯಾಡು ಮಾಡಿಕೊಂಡು ಒತ್ತಿ. ದೊಡ್ಡ ಚಂದ್ರನಿಂದ ಹೊರಟು ಬಾಗುತ್ತ ಹೋಗುವ ಸಾಲಾಗಿ ಇಪ್ಪತ್ತೈದು. ಬಿಳಿ ವಾಟರ್ ಕಲರ್ ಟ್ಯೂಬು ಇದಕ್ಕೆ ಆಗದು, ನೀಲಿಯ ಮೇಲೆ ತೆಳುವಾಗಿ ಮಂಕಾಗುತ್ತದೆ.

ಚಂದ್ರರು ಹೊಳೆಯುತ್ತ ತುಸು ಉಬ್ಬಿ ನಿಲ್ಲಬೇಕು ಎಂದರೆ ಎಂಬಾಸಿಂಗ್ ಪುಡಿ ಇದೆ. ಅದಕ್ಕೆಂದೇ ಇರುವ ಅಂಟು ಶಾಯಿಯಲ್ಲಿ, ವರ್ಸಾಮಾರ್ಕ್ ಎಂದು ಕೇಳಿದರೆ ಸಿಗುತ್ತದೆ, ಚುಕ್ಕೆ ಒತ್ತಿ, ಮೇಲೆ ಬಿಳಿ ಪುಡಿ ಸುರಿದು, ಹೆಚ್ಚಾದದ್ದನ್ನು ಕೊಡವಿ, ಬಿಸಿ ಮಾಡಿದರೆ ಪುಡಿ ಕರಗಿ ಗಟ್ಟಿಯಾಗುತ್ತದೆ. ಹೇರ್ ಡ್ರೈಯರ್ ಇದಕ್ಕೆ ನಡೆಯುವುದಿಲ್ಲ. ಶಾಖ ಸಾಲುವುದಿಲ್ಲ, ಗಾಳಿಗೆ ಪುಡಿಯೆಲ್ಲ ಹಾರುತ್ತದೆ. ಹೀಟ್ ಗನ್ ಇಲ್ಲದಿದ್ದರೆ ಕಾದ ತವೆಯ ಮೇಲೆ, ತಾಗದಂತೆ ಇಕ್ಕಳದಲ್ಲಿ ಹಿಡಿದು ಅಡಿಯಿಂದ ಶಾಖ ಕೊಡಬಹುದು. ಇದು ದೊಡ್ಡವರ ಕೆಲಸ. ಮಳೆಗಾಲದಲ್ಲಿ ಈ ಪುಡಿ ಬೇಡದ ಕಡೆಯೆಲ್ಲ ಹಿಡಿದುಕೊಳ್ಳುತ್ತದೆ, ಒತ್ತುವ ಮೊದಲು ಹಾಳೆಯ ಮೇಲೆ ಒಂದು ಚಿಟಿಕೆ ಟಾಲ್ಕಂ ಪೌಡರ್ ಸವರಿ ಒರೆಸಿದರೆ ಅರ್ಧ ಕಾಟ ತಪ್ಪುತ್ತದೆ. ಆದರೂ ಸಾವಿರ ಚುಕ್ಕೆಗೆ ಪೋಸ್ಟರ್ ಬಿಳಿಯೇ ಸುಖ ಎಂದು ನನ್ನ ಮಾತು. ಎಂಬಾಸಿಂಗನ್ನು ಬೇಕಾದರೆ ಅಪ್ಪಯ್ಯನವರ ಅಕ್ಕತಂಗಿಯರಿಗೆ ಕೊಡುವ ನಾಲ್ಕೈದಕ್ಕೆ ಮಾಡಿ.

ಆಕಾಶದ ಕೆಳಗೆ ಏನಾದರೂ ಬೇಕಲ್ಲ. ಶಿರಸಿಯವರಿಗೆ ಅಡಿಕೆ ತೋಟವನ್ನು ನಾನು ಹೇಳಿಕೊಡಬೇಕಾಗಿಲ್ಲ. ಅವಧಿ ಮುಗಿದ ಎಟಿಎಂ ಕಾರ್ಡನ್ನು ತೆಗೆದುಕೊಂಡು, ಅದರ ಉದ್ದ ಅಂಚಿಗೆ ಗಾಢ ಬಣ್ಣ ಹಚ್ಚಿ ನೆಟ್ಟಗೆ ಒತ್ತಿದರೆ ಅಡಿಕೆ ಮರದ ಕಾಂಡ ಒಂದೇ ಏಟಿಗೆ ಬರುತ್ತದೆ. ಎಷ್ಟು ಸಪೂರ, ಎಷ್ಟು ನೇರ ಎಂದು ನೀವೇ ನೋಡಿ. ಎಲ್ಲ ಮರಗಳೂ ಒಂದೇ ಎತ್ತರ ಬೇಡ, ಒಂದೆರಡು ಸ್ವಲ್ಪ ವಾಲಿರಲಿ. ತಲೆಯ ಸೋಗೆಗೆ ಒಂದು ಸಣ್ಣ ಅಚ್ಚು ಕೆತ್ತಿಕೊಳ್ಳಿ. ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರ್ ಸಾಕು. ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲ್ಲಿನಿಂದ ಚಿತ್ರ ಬರೆದು, ಬರೆದ ಮುಖವನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಚಿತ್ರ ತಿರುಗಿ ಮೂಡುತ್ತದೆ, ಒತ್ತಿದಾಗ ಮತ್ತೆ ನೆಟ್ಟಗಾಗುತ್ತದೆ. ಕಟರಿನಿಂದ ಕೆತ್ತುವಾಗ ಬ್ಲೇಡು ಗೆರೆಯಿಂದ ಹೊರಕ್ಕೆ ಓರೆಯಾಗಿರಲಿ. ಅಚ್ಚಿನ ಬುಡ ಅಗಲವಾಗಿ ಉಳಿದರೆ ನಲವತ್ತು ಸಲದ ಒತ್ತಡ ತಡೆಯುತ್ತದೆ. ಬಾಗಿದ ಗೆರೆ ಬಂದಲ್ಲಿ ಬ್ಲೇಡನ್ನು ತಿರುಗಿಸಬೇಡಿ, ರಬ್ಬರನ್ನು ತಿರುಗಿಸಿ. ಧಾರವಾಡದ ಕಡೆಯವರಾಗಿದ್ದರೆ ಕಸೂತಿಯ ಗೋಪುರ, ತುಳಸಿಕಟ್ಟೆಗಳನ್ನು ಕೆತ್ತಿ ಎನ್ನುತ್ತಿದ್ದೆ. ಕಸೂತಿಯ ಗವಂತಿ ಹೊಲಿಗೆಯದು ಬಹುತೇಕ ನೆಟ್ಟ ಗೆರೆ, ರಬ್ಬರಿನಲ್ಲಿ ಅದರಷ್ಟು ಸುಲಭವಾಗಿ ಇನ್ನೊಂದು ಕೂರುವುದಿಲ್ಲ.

ಮನೆಯ ಚಿಕ್ಕ ಮಕ್ಕಳು ನಾವೂ ಮಾಡುತ್ತೇವೆ ಎಂದು ಬಂದರೆ ಬೆಂಡೆಕಾಯಿ ಅಡ್ಡ ಕೊಯ್ದು ಕೊಡಿ, ಐದೆಸಳಿನ ಹೂವು ತಾನಾಗಿ ಬೀಳುತ್ತದೆ. ಕೊಯ್ದ ಮುಖವನ್ನು ಬಟ್ಟೆಯಲ್ಲಿ ಒತ್ತಿ ಲೋಳೆ ತೆಗೆದು, ಪೋಸ್ಟರ್ ಕಲರಿನಲ್ಲೇ ಒತ್ತಿಸಬೇಕು. ತೆಳು ವಾಟರ್ ಕಲರ್ ಜಾರುತ್ತದೆ. ಲಕೋಟೆಯ ಹಿಂಬದಿಗೆ ಅದು ಚೆನ್ನಾಗಿರುತ್ತದೆ.

ಮಗಳ ಪಾರದರ್ಶಕ ಸೆಟ್ಟನ್ನು ಬಿಟ್ಟುಬಿಡುವುದೇ ಎಂದರೆ, ಇಲ್ಲ. ಒಳಪುಟದ ಮೂಲೆಗೆ ಒಂದು ಹೂವು, ಒಂದು ಎಲೆ ಬರಲಿ. ಕಾರ್ಡಿನ ಹಾಳೆಗೆ ನೀರಾಗದು, ಆದ್ದರಿಂದ ವಾಟರ್ ಕಲರ್ ಹಾಳೆಯ ಚೂರಿನ ಮೇಲೆ ಒತ್ತಿ ಬಣ್ಣ ಹಚ್ಚಿ ಕತ್ತರಿಸಿ ಅಂಟಿಸಿ. ಇಲ್ಲಿ ಮಾತ್ರ ಗೆರೆ ಮೊದಲು, ಬಣ್ಣ ಆಮೇಲೆ, ಹೀಗಾಗಿ ನೀರಿಗೆ ಜಗ್ಗದ ಪ್ಯಾಡು ಬೇಕು. ಹೊಸ ಪಾರದರ್ಶಕ ಸ್ಟ್ಯಾಂಪಿನ ಮೇಲೆ ಶಾಯಿ ಹನಿಹನಿಯಾಗಿ ನಿಲ್ಲುವುದುಂಟು. ಅಚ್ಚಿನ ಮುಖವನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿದರೆ ಹಿಡಿಯುತ್ತದೆ. ಸ್ಟ್ಯಾಂಪನ್ನು ಮೊಹರಿನ ಹಾಗೆ ಪ್ಯಾಡಿನ ಮೇಲೆ ಗುದ್ದಬೇಡಿ. ಸ್ಟ್ಯಾಂಪನ್ನು ಅಂಗಾತ ಹಿಡಿದು ಪ್ಯಾಡನ್ನೇ ಅದರ ಮೇಲೆ ಮೆಲ್ಲಗೆ ತಟ್ಟಿ, ಎಲ್ಲ ಕಡೆ ಸಮನಾಗಿ ಹತ್ತಿದೆಯೇ ಎಂದು ಬೆಳಕಿಗೆ ಓರೆಯಾಗಿ ನೋಡಿ. ಹಾಳೆಯ ಅಡಿಗೆ ನಾಲ್ಕೈದು ಮಡಿಕೆ ದಿನಪತ್ರಿಕೆ ಅಥವಾ ಹಳೆಯ ಮೌಸ್ ಪ್ಯಾಡ್ ಇಡಿ, ಅರ್ಧ ಬೀಳುವ ತೊಂದರೆ ಬಹುತೇಕ ಇಷ್ಟಕ್ಕೇ ತೀರುತ್ತದೆ. ನೇರ ಕೆಳಗಿಳಿಸಿ, ಅಲ್ಲಾಡಿಸದೆ ಒತ್ತಿ, ನೇರ ಮೇಲೆತ್ತಿ. ಅಲುಗಾಡಿಸಿ ಒತ್ತಿದರೆ ಅಂಚಿನಲ್ಲಿ ಸ್ಟ್ಯಾಂಪಿನ ಚೌಕಟ್ಟೂ ಬೀಳುತ್ತದೆ. ಹಳೆಯ ಸಿಡಿ ಡಬ್ಬಿ ಇದ್ದರೆ ಇನ್ನೂ ಒಳ್ಳೆಯದು: ಹಾಳೆ ಡಬ್ಬಿಯ ಒಳಗೆ ಒಂದು ಮೂಲೆಗೆ ತಾಗಿರಲಿ, ಸ್ಟ್ಯಾಂಪನ್ನು ಮುಚ್ಚಳದ ಒಳಬದಿಗೆ ಅಂಟಿಸಿ, ಬಾಗಿಲಿನಂತೆ ಮುಚ್ಚಿ ಒತ್ತಿ. ಮಸುಕಾಗಿ ಬಿದ್ದರೆ ಹಾಳೆ ಕದಲಿಸದೆ ಮತ್ತೆ ಶಾಯಿ ಹಚ್ಚಿ ಅದೇ ಜಾಗಕ್ಕೆ ಒತ್ತಬಹುದು.

ಬಣ್ಣ ತುಂಬುವಾಗ ಗೆರೆಯ ಒಳಗೇ ಅಚ್ಚುಕಟ್ಟಾಗಿ ತುಂಬುವ ಶಾಲೆಯ ಅಭ್ಯಾಸವನ್ನು ಬಿಡಿ. ಅಚ್ಚಿನ ಗೆರೆ ಹೇಗೂ ಬಿಗಿಯಾಗಿದೆ, ಬಣ್ಣವೂ ಬಿಗಿಯಾದರೆ ಪ್ರೆಸ್ಸಿನಲ್ಲಿ ಮಾಡಿಸಿದಂತೆಯೇ ಕಾಣುತ್ತದೆ. ಎಸಳಿನ ಬುಡದಲ್ಲಿ ಗಾಢ ಬಣ್ಣ ಇಟ್ಟು, ಬ್ರಷ್ ತೊಳೆದು, ಬರೀ ನೀರಿನಿಂದ ತುದಿಗೆ ಎಳೆಯಿರಿ. ತುದಿಯಲ್ಲಿ ಹಾಳೆಯ ಬಿಳಿ ಉಳಿಯಲಿ. ಎಲೆಯ ಹಸಿರು ಇನ್ನೂ ಒದ್ದೆಯಿರುವಾಗ ಒಂದು ಹನಿ ಬರ್ನ್ಟ್ ಸಿಯೆನ್ನಾ ಬಿಟ್ಟು ಕೈ ತೆಗೆದುಬಿಡಿ, ಅದು ತನ್ನ ಪಾಡಿಗೆ ಹರಡಿಕೊಳ್ಳುತ್ತದೆ. ಒಂದೆರಡು ಕಡೆ ಬಣ್ಣ ಗೆರೆ ದಾಟಿದರೆ ದಾಟಲಿ. ಕೈಯಲ್ಲಿ ಮಾಡಿದ್ದು ಎಂಬುದು ಗೊತ್ತಾಗುವುದು ಅಲ್ಲಿಯೇ.

ಬರಹಕ್ಕೆ ಬಂದರೆ, ಈ ಸೆಟ್ಟುಗಳಲ್ಲಿ ಕನ್ನಡ ಅಕ್ಷರ ಸಿಗುವುದು ಅಪರೂಪ. ‘ಸಹಸ್ರಚಂದ್ರ ದರ್ಶನ’ ಎಂಬಷ್ಟನ್ನು ಪೇಟೆಯ ರಬ್ಬರ್ ಸ್ಟ್ಯಾಂಪ್ ಅಂಗಡಿಯಲ್ಲಿ ಮಾಡಿಸಿ. ನಿಮ್ಮ ಅಪ್ಪಯ್ಯನವರ ಕೈಬರಹದಲ್ಲೇ ಬರೆಸಿ ಕೊಟ್ಟರೆ ಅದನ್ನೇ ಅಚ್ಚು ಮಾಡಿಕೊಡುತ್ತಾರೆ. ಎರಡು ಮಾತು ಗಟ್ಟಿಯಾಗಿ ಹೇಳಿ. ಒಂದು, ಒಳಗೇ ಶಾಯಿ ತುಂಬಿ ತಾನೇ ಒತ್ತಿಕೊಳ್ಳುವ ಬಗೆಯದು ಬೇಡ, ಹಿಡಿ ಇರುವ ಸಾದಾ ಸ್ಟ್ಯಾಂಪ್ ಸಾಕು. ಹಾಗಾದರೆ ನಿಮಗೆ ಬೇಕಾದ ಶಾಯಿ ಹಚ್ಚಿಕೊಳ್ಳಬಹುದು. ಎರಡು, ಅಕ್ಷರ ತೀರಾ ಸಣ್ಣದಾಗದಿರಲಿ. ‘ಸ್ರ’, ‘ದ್ರ’ಗಳ ಒತ್ತಿನ ಸಂದಿಯಲ್ಲಿ ಶಾಯಿ ತುಂಬಿಕೊಂಡು ಮುದ್ದೆಯಾಗುತ್ತದೆ, ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಎತ್ತರ ಬೇಡವೇ ಬೇಡ. ದಿನ, ಹೊತ್ತು, ಸ್ಥಳದ ವಿವರವನ್ನೆಲ್ಲ ಅಚ್ಚೊತ್ತಲು ಹೋಗಬೇಡಿ. ಡಿಟಿಪಿ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸಿ ಒಳಗೆ ಅಂಟಿಸಿ. ಲೇಸರ್ ಪ್ರಿಂಟಿನ ಟೋನರ್ ಶಾಖಕ್ಕೆ ಕರಗಿ ಹಾಳೆಗೆ ಹಿಡಿದ ಪ್ಲಾಸ್ಟಿಕ್ ಪುಡಿ, ಒದ್ದೆ ಕೈ ತಾಗಿದರೂ ಏನಾಗದು. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಹೆಚ್ಚಾಗಿ ಹರಿಯುತ್ತದೆ.

ಮಡಿಸುವ ಮೊದಲು ಬರಿದಾದ ಬಾಲ್‌ಪೆನ್ನಿನಿಂದ ಸ್ಕೇಲಿಟ್ಟು ಒಂದು ಗೀರು ಎಳೆದುಕೊಳ್ಳಿ, ಮಡಿಕೆ ಬಿರಿಯದೆ ಬರುತ್ತದೆ. ಚಿತ್ರ ಅಂಟಿಸಲು ಫೆವಿಕಾಲ್ ಬೇಡ. ಅದರಲ್ಲೂ ನೀರಿದೆ, ಇಷ್ಟು ಕಷ್ಟಪಟ್ಟು ನೆಟ್ಟಗೆ ಮಾಡಿದ ತುಂಡು ಮತ್ತೆ ಸುಕ್ಕಾಗುತ್ತದೆ. ಡಬಲ್ ಸೈಡ್ ಟೇಪನ್ನು ನಾಲ್ಕು ಅಂಚಿಗೂ ನಡುವಿಗೂ ಹಾಕಿ. ಲಕೋಟೆ ಸಿ6 ಅಳತೆಯದು, 11.4 x 16.2 ಸೆಂಟಿಮೀಟರ್, ಹೇಳಿ ತರಿಸಿ. ಅಂಚೆಯಲ್ಲಿ ಹೋಗುವ ಕಾರ್ಡುಗಳಿಗೆ ಫೋಮ್ ಟೇಪು, ಮಣಿ, ಲೇಸು ಯಾವುದನ್ನೂ ಅಂಟಿಸಬೇಡಿ. ಅಂಚೆಯ ಮೊಹರು ಉಬ್ಬಿದ ಕಡೆಯೇ ಬೀಳುತ್ತದೆ.

ಕೊನೆಗೆ, ಆಮಂತ್ರಣಕ್ಕೆ ಅರಿಸಿನ ಕುಂಕುಮ ಹಚ್ಚುತ್ತೀರಲ್ಲ, ಅದನ್ನು ಕಾರ್ಡಿಗಲ್ಲ, ಲಕೋಟೆಯ ಮೂಲೆಗೆ ಹಚ್ಚಿ. ಒದ್ದೆ ಅರಿಸಿನ ಹಾಳೆಯಲ್ಲಿ ಎಲ್ಲಿಯವರೆಗೂ ಹರಡುತ್ತದೆ, ಬಿಳಿ ಚಂದ್ರರಿಗೆ ತಾಗಿದರೆ ಅಲ್ಲಿಗೆ ಮುಗಿಯಿತು. ಲಕೋಟೆಗಾದರೂ ಹಚ್ಚಿದ ಮೇಲೆ ಒಂದರ ಮೇಲೊಂದು ಪೇರಿಸದೆ, ಅಷ್ಟೂ ಒಣಗುವವರೆಗೆ ಹರಡಿಯೇ ಇಡಿ.